ನೋವು ಹೋಯ್ತು ಅಂತ ಯಾರು ಹೇಳಬೇಕು?

(ದಾವಣಗೆರೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ರೈತರು, ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೋವಿಗೆ ಮಾತ್ರೆ, ಇಂಜೆಕ್ಷನ್ ಕೊಡುವ ಬದಲು ಜೀವಂತ ಕೋಶಗಳನ್ನೇ ಮೈಯೊಳಗೆ ಕಸಿ ಮಾಡುವುದು, ಅದನ್ನು ಮೊದಲು ಪ್ರಾಣಿಗಳಲ್ಲಿ ಪರೀಕ್ಷಿಸುವುದು. ಇದು ಇವತ್ತಿನ ವಿಷಯ. ಇದೆಲ್ಲ ಎಲ್ಲೋ ಅಮೆರಿಕದ ಲ್ಯಾಬಿನ ಮಾತು, ನಮಗ್ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಆದರೆ ಇದೇ ಊರಲ್ಲಿ ‘ಮೊಣಕಾಲಿಗೆ ಸ್ಟೆಮ್ ಸೆಲ್ ಹಾಕಿಸ್ಕೊಳ್ಳಲಾ ಡಾಕ್ಟ್ರೇ’ ಅಂತ ನನ್ನನ್ನು ಕೇಳಿದವರಿದ್ದಾರೆ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ನಾನು ದನದ ಡಾಕ್ಟ್ರು. ಆದರೂ ಕೇಳುತ್ತಾರೆ. ಡಾಕ್ಟ್ರು ಅಂದ ಮೇಲೆ ಡಾಕ್ಟ್ರು, ಅಷ್ಟೇ.

ನನ್ನ ಕೆಲಸದ ಬಹುಪಾಲು ಜಗಳೂರು, ಚಳ್ಳಕೆರೆ ಕಡೆ ಕಳೆಯಿತು. ಹಾಗಾಗಿ ಅಲ್ಲಿಯದ್ದೇ ಒಂದು ಮಾತಿನಿಂದ ಶುರು ಮಾಡುತ್ತೇನೆ. ಕುಂಟುವ ಎತ್ತಿಗೆ ಬರೆ ಹಾಕುವುದನ್ನು ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಕಬ್ಬಿಣ ಕೆಂಪಗೆ ಕಾಯಿಸಿ ಭುಜದ ಮೇಲೆ, ತೊಡೆಯ ಮೇಲೆ ಎಳೆಯುತ್ತಾರೆ. ಎಂಟು ಹತ್ತು ದಿನ ಕಳೆದ ಮೇಲೆ ಎತ್ತಿನ ಯಜಮಾನರು ಬಂದು ‘ನೋಡ್ರಿ ಡಾಕ್ಟ್ರೇ, ಈಗ ಹೆಂಗೆ ನಡೀತೈತಿ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎತ್ತು ನಿಜವಾಗಿಯೂ ನಡೆಯುತ್ತಿರುತ್ತದೆ. ಆದರೆ ಬರೆ ಬಿದ್ದ ಎತ್ತನ್ನು ಮರುದಿನವೇ ನೊಗಕ್ಕೆ ಕಟ್ಟುವವರು ಯಾರಿದ್ದಾರೆ? ನೆರಳಲ್ಲಿ ಕಟ್ಟಿ, ಒಳ್ಳೆ ಮೇವು ಹಾಕಿ, ಹತ್ತು ದಿನ ಬಿಡುತ್ತಾರೆ. ಹಾಗಾದರೆ ಎತ್ತು ಸುಧಾರಿಸಿದ್ದು ಬರೆಯಿಂದಲೋ, ಬಿಡುವಿನಿಂದಲೋ, ತಾನಾಗಿಯೋ?

ಗೊತ್ತು ಮಾಡಿಕೊಳ್ಳಬೇಕೆಂದರೆ ಒಂದೇ ಥರ ಕುಂಟುವ ಸುಮಾರು ಎತ್ತು ಬೇಕು. ಅರ್ಧಕ್ಕೆ ಬರೆ ಹಾಕಬೇಕು, ಅರ್ಧಕ್ಕೆ ಸುಮ್ನೆ ಬಿಡುವು ಕೊಡಬೇಕು. ಯಾವುದಕ್ಕೆ ಏನು ಅಂತ ನಾವು ಆರಿಸಬಾರದು, ಚೀಟಿ ಎತ್ತಬೇಕು. ಕೊನೆಗೆ ನಡಿಗೆ ನೋಡಿ ತೀರ್ಪು ಹೇಳುವವನಿಗೆ ಯಾವ ಎತ್ತಿಗೆ ಬರೆ ಬಿದ್ದಿದೆ ಅಂತ ಗೊತ್ತಿರಬಾರದು. ಬರೆಯ ಗುರುತು ಕಾಣುತ್ತದಲ್ಲ, ಅದಕ್ಕೆ ಎಲ್ಲ ಎತ್ತಿನ ಮೈಮೇಲೂ ಗೋಣಿತಾಟು ಹೊದಿಸಬೇಕಾಗುತ್ತದೆ! ನಗಬೇಡಿ. ಇನ್ನು ಮುಂದೆ ಹೇಳುವ ದೊಡ್ಡ ದೊಡ್ಡ ಲ್ಯಾಬುಗಳ ಪ್ರಯೋಗಗಳಲ್ಲೂ ಹೆಚ್ಚುಕಡಿಮೆ ಇದೇ ಗೋಣಿತಾಟಿನ ಕೆಲಸ ನಡೆಯುತ್ತದೆ. ಕೋಶ ಬೆಳೆಸುವುದಕ್ಕೆ, ಕಸಿ ಮಾಡುವುದಕ್ಕೆ ಈಗ ಕೈ ಪಳಗಿದೆ. ಮಾತು ಬಾರದ ಪ್ರಾಣಿಯ ನೋವು ನಿಜವಾಗಿ ಹೋಯಿತಾ ಅಂತ ತಿಳಿಯುವುದೇ ದೊಡ್ಡ ಕಷ್ಟ.

ಈಗ ನೋವಿನ ದಾರಿ ನೋಡೋಣ. ಪಾದಕ್ಕೆ ಜಾಲಿ ಮುಳ್ಳು ಚುಚ್ಚಿತು ಅನ್ನಿ. ಸುದ್ದಿ ನರದಲ್ಲಿ ಹರಿದು ಬೆನ್ನುಹುರಿಗೆ ಬರುತ್ತದೆ, ಅಲ್ಲಿಂದ ಮೆದುಳಿಗೆ ಏರುತ್ತದೆ. ಆದರೆ ಬಂದ ಸುದ್ದಿಯೆಲ್ಲ ಹಾಗೇ ಮೇಲೆ ಹೋಗುವುದಿಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಅದನ್ನು ತಗ್ಗಿಸುವ ಸಣ್ಣ ನರಕೋಶಗಳಿವೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಇದನ್ನೊಂದು ಗೇಟು ಅಂತ ವಿವರಿಸಿದರು. ಮೊಣಕೈ ಬಾಗಿಲಿಗೆ ತಗುಲಿದಾಗ ಉಜ್ಜಿಕೊಂಡರೆ ಹಿತ ಅನ್ನಿಸುತ್ತದಲ್ಲ, ಅದಕ್ಕೂ ಈ ಗೇಟೇ ಕಾರಣ ಅಂದರು. ಅವರು ಬರೆದ ಚಿತ್ರದ ವಿವರಗಳು ಆಮೇಲೆ ಬದಲಾದವು. ಆದರೆ ಬೆನ್ನುಹುರಿಯಲ್ಲೇ ನೋವಿಗೆ ತಡೆ ಇದೆ ಅನ್ನುವ ಮೂಲ ಮಾತು ಉಳಿದಿದೆ.

ನಮ್ಮ ಕಡೆಯವರಿಗೆ ಗೇಟಿಗಿಂತ ನೀರಗಂಟಿ ಅಂದರೆ ಬೇಗ ಅರ್ಥವಾಗುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ತೂಬು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅಂತ ನೋಡುವವನು ನೀರಗಂಟಿ. ಬೆನ್ನುಹುರಿಯ ಈ ಸಣ್ಣ ಕೋಶಗಳೂ ಹಾಗೇ. ಗಾಬಾ ಎಂಬ ರಾಸಾಯನಿಕವನ್ನು ಬಿಟ್ಟು ತೂಬು ಇಳಿಸುತ್ತವೆ. ನರಕ್ಕೆ ಪೆಟ್ಟು ಬಿದ್ದಾಗ ಈ ನೀರಗಂಟಿಗಳ ಕೆಲಸ ಕೆಡುತ್ತದೆ. ಅವು ಸಾಯುತ್ತವೆಯೋ, ಬದುಕಿದ್ದೂ ಕೆಲಸ ಬಿಡುತ್ತವೆಯೋ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಫಲ ಮಾತ್ರ ನಮಗೆಲ್ಲ ಗೊತ್ತಿರುವಂಥದ್ದು. ಸರ್ಪಸುತ್ತು ವಾಸಿಯಾಗಿ ಗುಳ್ಳೆ ಒಣಗಿದ ಮೇಲೂ ಬಟ್ಟೆ ತಾಗಿದರೆ ಉರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಹೊದಿಕೆ ಪಾದಕ್ಕೆ ಮುಟ್ಟಿದರೂ ಆಗುವುದಿಲ್ಲ. ಗಾಯ ಇಲ್ಲ, ನೋವು ಇದೆ. ಇದು ನರದ ನೋವು.

ಇದಕ್ಕೆ ಮಾತ್ರೆಗಳಿವೆ. ಕೆಲವರಿಗೆ ಕೆಲಸ ಮಾಡುತ್ತವೆ, ತುಂಬಾ ಜನರಿಗೆ ಅರ್ಧಂಬರ್ಧ. ಮಾತ್ರೆ ಇಡೀ ಮೈಗೆ ಹರಡುತ್ತದೆ. ನೋವಿನ ಜೊತೆ ತೂಕಡಿಕೆ, ತಲೆಸುತ್ತು ಶುರುವಾಗುತ್ತದೆ. ಮದ್ದು ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ ನಮ್ಮ ಪಶುವೈದ್ಯದಲ್ಲೇ ದೊಡ್ಡ ಪಾಠ ಇದೆ. ದನಗಳ ನೋವಿಗೆ, ಊತಕ್ಕೆ ಡೈಕ್ಲೋಫೆನಾಕ್ ಕೊಡುತ್ತಿದ್ದ ಕಾಲ ಅದು. ಸತ್ತ ದನವನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ದೇಶದಲ್ಲಿ ರಣಹದ್ದಿನ ಸಂತತಿಯೇ ಕುಸಿಯಿತು. 2006ರಲ್ಲಿ ಪಶುಗಳಿಗೆ ಈ ಔಷಧವನ್ನು ನಿಷೇಧಿಸಿದರು. ಬದಲಿಗೆ ಮೆಲಾಕ್ಸಿಕಾಮ್ ಬಂತು. ಇವತ್ತು ರಣಹದ್ದು ನೋಡಬೇಕೆಂದರೆ ನಾವು ರಾಮನಗರದ ಬೆಟ್ಟಕ್ಕೆ ಹೋಗಬೇಕು.

ಅದಕ್ಕೇ ಕೆಲವರಿಗೆ ಈ ಯೋಚನೆ ಬಂದದ್ದು: ಇಡೀ ಮೈಗೆ ಮದ್ದು ಹರಡುವ ಬದಲು, ಬೇಕಾದ ಜಾಗದಲ್ಲೇ ಮದ್ದು ತಯಾರಿಸುವ ಕೋಶವನ್ನು ಕೂರಿಸಿದರೆ?

ಮೊದಲ ದೊಡ್ಡ ಪ್ರಯತ್ನ 1980ರ ದಶಕದ್ದು. ಅಮೆರಿಕದ ಶಿಕಾಗೋದಲ್ಲಿ ಜಾಕ್ವೆಲಿನ್ ಸೇಗನ್ ಮತ್ತು ಜೊತೆಗಾರರು ಇಲಿಗಳ ಅಡ್ರಿನಲ್ ಗ್ರಂಥಿಯ ಒಳಭಾಗದ ಕೋಶಗಳನ್ನು ಆರಿಸಿಕೊಂಡರು. ಈ ಗ್ರಂಥಿ ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ಅದರ ಕೋಶಗಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನೂ, ಮೈಯೇ ತಯಾರಿಸುವ ಅಫೀಮಿನಂಥ ನೋವುನಿವಾರಕಗಳನ್ನೂ ಬಿಡುತ್ತವೆ. ಆ ಕೋಶಗಳನ್ನು ಇನ್ನೊಂದು ಇಲಿಯ ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಇಟ್ಟರು. 1986ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ಇಷ್ಟವಾಗುವ ಒಂದು ಜಾಣತನ ಇದೆ. ಇಲಿಗೆ ಚೂರು ನಿಕೋಟಿನ್ ಕೊಟ್ಟರು. ನಿಕೋಟಿನ್ ತಾಗಿದರೆ ಈ ಕೋಶಗಳು ತಮ್ಮ ಸರಕನ್ನು ಹೊರಗೆ ಬಿಡುತ್ತವೆ. ಆಗ ಕಸಿ ಮಾಡಿದ ಇಲಿಗಳಲ್ಲಿ ನೋವು ತಗ್ಗಿತು, ಕಸಿ ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ಅಫೀಮಿನ ಪರಿಣಾಮ ತಡೆಯುವ ನಲಾಕ್ಸೋನ್ ಕೊಟ್ಟಾಗ ಆ ಹಿತ ಕಡಿಮೆಯಾಯಿತು. ಅಂದರೆ ‘ಕೋಶ ಇಟ್ಟೆವು, ಹಿತವಾಯಿತು’ ಅಂತ ಅಲ್ಲಿಗೇ ಬಿಡಲಿಲ್ಲ. ಹಿತ ಕೋಶದಿಂದಲೇ ಬಂತಾ ಅಂತ ಹಿಡಿದು ನೋಡಿದರು.

ಇಲಿಯಲ್ಲಿ ಚೆನ್ನಾಗಿ ಆಯಿತು ಅಂತ ಮನುಷ್ಯರಿಗೂ ಬಂತು. ಹಸುವಿನ ಅಡ್ರಿನಲ್ ಕೋಶಗಳನ್ನು ಸಣ್ಣ ಕೊಳವೆಯಲ್ಲಿ ತುಂಬಿದರು. ಕೊಳವೆಯ ಗೋಡೆಯಲ್ಲಿ ಮದ್ದು ಹೊರಗೆ ಬರುವಷ್ಟು ರಂಧ್ರ, ರೋಗಿಯ ರಕ್ಷಣಾ ಕೋಶಗಳು ಒಳಗೆ ನುಗ್ಗದಷ್ಟು ತಡೆ. ಅದನ್ನು ಕ್ಯಾನ್ಸರ್ ನೋವಿನವರ ಬೆನ್ನುಹುರಿಯ ದ್ರವದಲ್ಲಿ ಇಟ್ಟರು. ಮೊದಮೊದಲ ಕೆಲವು ರೋಗಿಗಳಲ್ಲಿ ಮಾರ್ಫಿನ್ ಕಡಿಮೆ ಸಾಕಾಯಿತು. ಎಲ್ಲರಿಗೂ ಖುಷಿ. ಆಮೇಲೆ ಸರಿಯಾದ ಹೋಲಿಕೆ ಇಟ್ಟು ಪರೀಕ್ಷೆ ಮಾಡಿದಾಗ ಮುಂದುವರಿಸುವಷ್ಟು ಲಾಭ ಕಾಣಲಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ಕಂಪನಿಗಳು ಕೈ ತೊಳೆದುಕೊಂಡವು. ಬರೆ ಬಿದ್ದ ಎತ್ತಿನ ಕಥೆ ಇಲ್ಲೂ ಇದೆ ಅಲ್ವಾ? ಇಲ್ಲಿ ಕಾಸು ಕೋಟಿಗಳ ಲೆಕ್ಕದಲ್ಲಿ ಇತ್ತು ಅನ್ನುವುದಷ್ಟೇ ವ್ಯತ್ಯಾಸ.

ಇನ್ನೊಂದು ದಾರಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಲನ್ ಬಾಸ್‌ಬಾಮ್ ಅವರ ಲ್ಯಾಬಿನದು. ಇವರು ಮದ್ದು ಸುರಿಸುವ ಕೋಶ ಹುಡುಕಲಿಲ್ಲ, ಹೊಸ ನೀರಗಂಟಿಗಳನ್ನೇ ನೇಮಿಸಲು ಹೊರಟರು. ಭ್ರೂಣದ ಮೆದುಳಿನಲ್ಲಿ ಒಂದು ಜಾಗ ಇದೆ. ಅಲ್ಲಿ ಹುಟ್ಟುವ ಎಳೆಯ ಕೋಶಗಳು ಮುಂದೆ ಮೆದುಳಿನ ಮೇಲ್ಪದರಕ್ಕೆ ವಲಸೆ ಹೋಗಿ ಗಾಬಾ ಬಿಡುವ ತಡೆಕೋಶಗಳಾಗುತ್ತವೆ. ಹುಟ್ಟಿನಿಂದಲೇ ಅವುಗಳ ಕಸುಬು ಅದು. ಇಲಿ ಭ್ರೂಣದ ಆ ಕೋಶಗಳನ್ನು ತೆಗೆದು, ನರಕ್ಕೆ ಪೆಟ್ಟಾದ ದೊಡ್ಡ ಇಲಿಗಳ ಬೆನ್ನುಹುರಿಗೆ ಸೂಜಿಯಿಂದ ಬಿಟ್ಟರು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಅದೇ ಆಪರೇಷನ್, ಅದೇ ಸೂಜಿ, ಆದರೆ ಕೋಶವಿಲ್ಲದ ಬರೀ ದ್ರಾವಣ.

ಹೆಚ್ಚಿನ ವರದಿಗಳು ಅಳತೆಯ ವಿಷಯ ಹಾರಿಸಿ ಬಿಡುತ್ತವೆ. ನಾವು ಅಲ್ಲೇ ನಿಲ್ಲೋಣ.

ಇಲಿಯ ಹಿಂಗಾಲಿಗೆ ಹೋಗುವ ದೊಡ್ಡ ನರ ಕೆಳಗೆ ಮೂರು ಕವಲಾಗುತ್ತದೆ. ಅದರಲ್ಲಿ ಎರಡನ್ನು ಕತ್ತರಿಸಿ ಒಂದನ್ನು ಉಳಿಸುತ್ತಾರೆ. ಉಳಿದ ನರದ ಪಾಲಿನ ಪಾದದ ಅಂಚು ಕೆಲವು ದಿನಗಳಲ್ಲಿ ವಿಪರೀತ ಸೂಕ್ಷ್ಮವಾಗುತ್ತದೆ. ನಂತರ ಇಲಿಯನ್ನು ಪಾರದರ್ಶಕ ಡಬ್ಬಿಯಲ್ಲಿ, ತಂತಿ ಜಾಲರಿಯ ಮೇಲೆ ಬಿಡುತ್ತಾರೆ. ಬಿಟ್ಟ ಕೂಡಲೇ ಅಳೆಯುವ ಹಾಗಿಲ್ಲ. ಅದು ಮೂಲೆ ಮೂಲೆ ಮೂಸಬೇಕು, ಮುಖ ತೊಳೆದುಕೊಳ್ಳಬೇಕು, ಬೇಸರ ಬಂದು ಸುಮ್ಮನೆ ಕೂರಬೇಕು. ಅಲ್ಲಿವರೆಗೆ ಕಾಯಬೇಕು. ಆಮೇಲೆ ಜಾಲರಿಯ ಕೆಳಗಿನಿಂದ ನೈಲಾನ್ ಎಳೆಯೊಂದನ್ನು ಪಾದದ ಅಂಚಿಗೆ ಒತ್ತುತ್ತಾರೆ. ಎಳೆ ಬಾಗುವವರೆಗೆ ಮಾತ್ರ. ಬಾಗಿದ ಮೇಲೆ ಎಷ್ಟು ಒತ್ತಿದರೂ ಬಲ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅದೇ ಇದರ ಗುಟ್ಟು. ಒಂದೊಂದು ಎಳೆಯ ದಪ್ಪ ಬೇರೆ, ಬಲ ಬೇರೆ. ಮ್ಯಾಕ್ಸಿಮಿಲಿಯನ್ ಫಾನ್ ಫ್ರೇ ಎಂಬ ವಿಜ್ಞಾನಿ 1890ರ ದಶಕದಲ್ಲಿ ಕೂದಲು ಬಳಸಿ ಶುರು ಮಾಡಿದ ಕ್ರಮ ಇದು. ಇವತ್ತಿಗೂ ಅದೇ ನಡೆಯುತ್ತಿದೆ, ಕೂದಲ ಬದಲು ನೈಲಾನ್ ಅಷ್ಟೇ.

ಆರೋಗ್ಯದ ಇಲಿ ತೆಳ್ಳಗಿನ ಎಳೆ ತಾಗಿದರೆ ಕ್ಯಾರೇ ಅನ್ನುವುದಿಲ್ಲ. ನರದ ನೋವಿನ ಇಲಿ ಅದಕ್ಕೇ ಕಾಲನ್ನು ಸರಕ್ಕನೆ ಎಳೆದುಕೊಂಡು, ಒದರಿ, ನೆಕ್ಕುತ್ತದೆ. ಕೋಶ ಕಸಿ ಮಾಡಿದ ಇಲಿಗಳಲ್ಲಿ ಮೊದಲ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಎಳೆಯ ಕೋಶ ಬೆಳೆಯಬೇಕು, ಅಕ್ಕಪಕ್ಕದ ನರಗಳಿಗೆ ಸಂಪರ್ಕ ಹೆಣೆಯಬೇಕು. ಕೆಲವು ವಾರ ಕಳೆದ ಮೇಲೆ ಪಾದದ ಸೂಕ್ಷ್ಮತೆ ಇಳಿಯಿತು. ಬರೀ ದ್ರಾವಣ ಹೋದ ಇಲಿಗಳಲ್ಲಿ ಇಳಿಯಲಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಬಾವು, ಉರಿಯೂತದ ನೋವಿಗೆ ಅದೇ ಕಸಿ ಉಪಯೋಗಕ್ಕೆ ಬರಲಿಲ್ಲ ಅನ್ನುವುದನ್ನೂ ಅವರು ಅದರಲ್ಲೇ ಬರೆದರು. ಅಂಥ ಮಾತು ಬರೆದವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಆದರೆ ಒಂದು ಅನುಮಾನ ಇಟ್ಟುಕೊಳ್ಳಿ. ಪಾದ ಎತ್ತಲಿಲ್ಲ ಅಂದರೆ ನೋವಿಲ್ಲ ಅಂತಲೇ? ಕಾಲೇ ಬಲ ಕಳೆದುಕೊಂಡಿದ್ದರೂ ಇಲಿ ಪಾದ ಎತ್ತುವುದಿಲ್ಲ. ಬೆನ್ನುಹುರಿಗೆ ಸೂಜಿ ಚುಚ್ಚಿದ್ದೇವೆ, ತಡೆಕೋಶ ತುಂಬಿದ್ದೇವೆ. ಅವು ನೋವಿನ ತೂಬಿನ ಜೊತೆ ನಡಿಗೆಯ ತೂಬನ್ನೂ ಇಳಿಸಿದ್ದರೆ? ಅದಕ್ಕೇ ಇಂಥ ಪ್ರಯೋಗಗಳಲ್ಲಿ ಇಲಿಯನ್ನು ತಿರುಗುವ ದಂಡದ ಮೇಲೆ ಓಡಿಸಿ, ಬೀಳದೆ ಎಷ್ಟು ಹೊತ್ತು ಇರುತ್ತದೆ ಅಂತ ಬೇರೆಯಾಗಿ ನೋಡುತ್ತಾರೆ. ಓದುವಾಗ ಈ ಪರೀಕ್ಷೆ ಮಾಡಿದ್ದಾರಾ ಅಂತ ನಾನು ಮೊದಲು ಹುಡುಕುತ್ತೇನೆ.

ಇದಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ. ಕಾಲು ಎಳೆದುಕೊಳ್ಳುವುದು ಬೇರೆ, ಸಂಕಟಪಡುವುದು ಬೇರೆ. ಇದೇ ಬಾಸ್‌ಬಾಮ್ ಗುಂಪಿನ 2019ರ ಕೆಲಸವೊಂದು ಇದನ್ನು ಎತ್ತಿ ತೋರಿಸಿತು. ಈ ಸಲ ಕೋಶಗಳನ್ನು ಬೆನ್ನುಹುರಿಗೆ ಬಿಡಲಿಲ್ಲ. ಮೆದುಳಿನಲ್ಲಿ ನೋವಿನ ಸಂಕಟಕ್ಕೆ ಸಂಬಂಧಪಟ್ಟ ಮುಂಭಾಗದ ಒಂದು ಜಾಗಕ್ಕೆ ಬಿಟ್ಟರು. ಇಲಿಗಳಿಗೆ ಇದ್ದದ್ದು ಕ್ಯಾನ್ಸರ್ ಔಷಧದಿಂದ ಬರುವ ನರದ ನೋವು.

ಪರೀಕ್ಷೆ ಹೀಗಿತ್ತು. ಒಂದು ಪೆಟ್ಟಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಇಲಿಗೆ ಗಾಬಾಪೆಂಟಿನ್ ಎಂಬ ನರನೋವಿನ ಮದ್ದಿನ ಅನುಭವ, ಇನ್ನೊಂದರಲ್ಲಿ ಇಲ್ಲ. ಆಮೇಲೆ ಬಾಗಿಲು ತೆರೆದು, ಎಲ್ಲಿ ಬೇಕಾದರೂ ಇರು ಅಂತ ಬಿಟ್ಟರು. ಒಳಗೊಳಗೇ ನೋಯುತ್ತಿರುವ ಇಲಿ ಮದ್ದಿನ ಕೋಣೆಗೇ ಹೋಗಿ ಕೂರುತ್ತದೆ. ಯಾಕೆಂದರೆ ಅಲ್ಲಿ ಅದಕ್ಕೆ ಒಂದಿಷ್ಟು ಸಮಾಧಾನ ಸಿಕ್ಕಿತ್ತು. ಕೋಶ ಕಸಿಯಾದ ಇಲಿಗಳಿಗೆ ಆ ಕೋಣೆಯ ಮೇಲೆ ವಿಶೇಷ ಒಲವು ಇರಲಿಲ್ಲ. ಮದ್ದಿನ ಹಂಬಲವೇ ಹೋಗಿತ್ತು. ಹಾಗಂತ ಪಾದದ ಅತಿಸೂಕ್ಷ್ಮತೆ ಹೋಗಿರಲಿಲ್ಲ. ಮೆದುಳಿನ ಆ ಜಾಗ ನೋಡಿಕೊಳ್ಳುವುದು ಸಂಕಟವನ್ನು, ಪಾದದ ಚುರುಕನ್ನಲ್ಲ.

ಬರೀ ನೈಲಾನ್ ಎಳೆ ಹಿಡಿದು ಕೂತಿದ್ದರೆ ‘ಕಸಿ ಸೋತಿತು’ ಅಂತ ಬರೆದು ಮುಗಿಸುತ್ತಿದ್ದರು. ಇಲಿಗೆ ಎಲ್ಲಿರಬೇಕು ಅಂತ ಆಯ್ಕೆ ಕೊಟ್ಟಿದ್ದರಿಂದ ಅದು ತನ್ನ ಮಾತು ಹೇಳಿತು. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇಷ್ಟು ಚಂದದ ಪ್ರಯೋಗ ಇನ್ನೊಂದಿಲ್ಲ.

ಮುಖವೂ ಮಾತಾಡುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೋಗಿಲ್ ಅವರ ಗುಂಪು 2010ರಲ್ಲಿ ಇಲಿಯ ಮುಖದಲ್ಲಿ ನೋವು ಓದುವ ಕ್ರಮ ಕೊಟ್ಟಿತು. ಕಣ್ಣು ಕಿರಿದಾಗುವುದು, ಮೂಗು ಕೆನ್ನೆ ಉಬ್ಬುವುದು, ಕಿವಿ ಮತ್ತು ಮೀಸೆಯ ಭಂಗಿ ಬದಲಾಗುವುದು, ಹೀಗೆ ಐದು ಗುರುತು. ನಮ್ಮ ಕುರಿಗಾಹಿಗಳಿಗೆ ಇದು ಹೊಸ ವಿಷಯ ಅಲ್ಲ. ಚಳ್ಳಕೆರೆ ಕಾವಲಿನಲ್ಲಿ ಇನ್ನೂರು ಕುರಿ ಮೇಯುತ್ತಿದ್ದರೂ ದೂರದಿಂದಲೇ ‘ಆ ಕುರಿಗೆ ಹುಷಾರಿಲ್ಲ, ಕಿವಿ ನೋಡ್ರಿ’ ಅನ್ನುತ್ತಾರೆ. ಅವರ ಕಣ್ಣಿನಲ್ಲಿರುವುದಕ್ಕೆ ಇವರು ಅಂಕ ಕೊಟ್ಟರು.

ಅದೇ ಗುಂಪು 2014ರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಕೋಣೆಯಲ್ಲಿ ಗಂಡಸು ಕೂತಿದ್ದರೆ ಇಲಿಗಳಲ್ಲಿ ನೋವಿನ ಗುರುತು ಕಡಿಮೆಯಾಗುತ್ತಿತ್ತು. ಹೆಂಗಸು ಕೂತಿದ್ದರೆ ಹಾಗಾಗುತ್ತಿರಲಿಲ್ಲ. ಗಂಡಸು ರಾತ್ರಿ ತೊಟ್ಟಿದ್ದ ಟೀ ಶರ್ಟ್ ಇಟ್ಟರೂ ಸಾಕಾಗಿತ್ತು. ಗಂಡಸಿನ ವಾಸನೆಗೆ ಇಲಿ ಹೆದರುತ್ತದೆ, ಹೆದರಿಕೆಯಲ್ಲಿ ನೋವು ಅಡಗುತ್ತದೆ. ಈಗ ಯೋಚನೆ ಮಾಡಿ. ಕಸಿ ಮಾಡಿದ ಇಲಿಗಳನ್ನು ಹುಡುಗ ಅಳೆದು, ಮಾಡದ ಇಲಿಗಳನ್ನು ಹುಡುಗಿ ಅಳೆದರೆ, ಕೋಶದ ಹೆಸರಲ್ಲಿ ನಾವು ಬೆವರಿನ ಪರಿಣಾಮ ಬರೆದುಕೊಂಡಿರುತ್ತೇವೆ!

ಇಲಿಯಿಂದ ನಾಯಿಗೆ ಬಂದರೆ ತೊಂದರೆ ಜಾಸ್ತಿ. ನಾಯಿಗೆ ಒಡೆಯರಿರುತ್ತಾರೆ, ಒಡೆಯರಿಗೆ ಪ್ರೀತಿ ಇರುತ್ತದೆ. ಅಮೆರಿಕದಲ್ಲಿ ಕೀಲು ಸವೆದು ಕುಂಟುವ 58 ನಾಯಿಗಳ ಬಗ್ಗೆ 2012ರಲ್ಲಿ ಒಂದು ವರದಿ ಬಂತು. ಆ ನಾಯಿಗಳಿಗೆಲ್ಲ ಕೊಟ್ಟಿದ್ದು ಮದ್ದಿಲ್ಲದ ಹುಸಿ ಮಾತ್ರೆ. ಒಡೆಯರನ್ನು ಕೇಳಿದರು, ಡಾಕ್ಟ್ರುಗಳಿಂದ ನೋಡಿಸಿದರು, ಕಾಲು ನೆಲಕ್ಕೆ ಎಷ್ಟು ಭಾರ ಊರುತ್ತದೆ ಅಂತ ಅಳೆಯುವ ಹಲಗೆಯ ಮೇಲೂ ನಡೆಸಿದರು. ಹಲಗೆಯ ಲೆಕ್ಕದ ಜೊತೆ ತಾಳೆ ಹಾಕಿದಾಗ, ಸುಮಾರು ನೂರಕ್ಕೆ 40 ಸಲ ಒಡೆಯರಿಗೆ ಇಲ್ಲದ ಸುಧಾರಣೆ ಕಂಡಿತ್ತು. ಡಾಕ್ಟ್ರುಗಳದ್ದು ಇನ್ನೂ ಸ್ವಲ್ಪ ಜಾಸ್ತಿ! ನಮ್ಮ ವೃತ್ತಿಯವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ನಾಯಿ, ಕುದುರೆಗಳಿಗೆ ಈಗ ಹೆಚ್ಚಾಗಿ ಹಾಕುವ ಸ್ಟೆಮ್ ಸೆಲ್ ನಾನು ಹೇಳಿದ ನೀರಗಂಟಿ ಕೋಶ ಅಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಇವು ಕೊಬ್ಬಿನಿಂದ, ಮೂಳೆಮಜ್ಜೆಯಿಂದ ತೆಗೆದು ಬೆಳೆಸಿದವು. ಕೀಲಿಗೆ ಚುಚ್ಚಿದಾಗ ಹೊಸ ಮೃದ್ವಸ್ಥಿಯಾಗಿ ಬೆಳೆದು ನಿಲ್ಲುವುದಕ್ಕಿಂತ, ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುವುದೇ ಇವುಗಳ ಮುಖ್ಯ ಕೆಲಸ ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ರೇಸ್ ಕುದುರೆಗಳ ಮುಂಗಾಲಿನ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಹರಿದಾಗ ಮೂಳೆಮಜ್ಜೆಯ ಕೋಶ ಚುಚ್ಚಿ, ವರ್ಷಗಟ್ಟಲೆ ಹಿಂಬಾಲಿಸಿ ಬ್ರಿಟನ್‌ನಲ್ಲಿ 2012ರಲ್ಲಿ ವರದಿ ಮಾಡಿದರು. ನೂರಕ್ಕೆ ಸುಮಾರು 27 ಕುದುರೆಗಳಿಗೆ ಮಾತ್ರ ಮತ್ತೆ ಪೆಟ್ಟಾಯಿತು. ಬೇರೆ ಚಿಕಿತ್ಸೆಗಳ ಹಳೆಯ ಲೆಕ್ಕಕ್ಕಿಂತ ಇದು ಕಡಿಮೆ. ಆದರೆ ಜೊತೆಜೊತೆಗೆ ಕೋಶ ಹಾಕದ ಗುಂಪನ್ನು ಇಟ್ಟಿರಲಿಲ್ಲ. ಆ ಕುದುರೆಗಳಿಗೆ ತಿಂಗಳುಗಟ್ಟಲೆ ಹದವರಿತ ಬಿಡುವು, ವ್ಯಾಯಾಮವೂ ಸಿಕ್ಕಿತ್ತು. ಬೆಲೆಬಾಳುವ ಮಾಹಿತಿ, ತೀರ್ಪು ಅಲ್ಲ. ಮುಂದೆ 2019ರಲ್ಲಿ ಯುರೋಪಿನಲ್ಲಿ ಕುಂಟುವ ಕುದುರೆಗಳಿಗೆ ಆರ್ಟಿ-ಸೆಲ್ ಫೋರ್ಟೆ ಎಂಬ ಕೋಶದ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ಅಲ್ಲಿ ಸ್ಟೆಮ್ ಸೆಲ್‌ನಿಂದ ಮಾಡಿದ ಮೊದಲ ಪಶು ಔಷಧಿ ಅದು.

ಅಪಾಯದ ಮಾತು ಬಿಡುವ ಹಾಗಿಲ್ಲ. ಮಾತ್ರೆ ಒಗ್ಗದಿದ್ದರೆ ನಾಳೆಯಿಂದ ನಿಲ್ಲಿಸಬಹುದು. ಬೆನ್ನುಹುರಿಯಲ್ಲಿ ಬೇರೂರಿದ ಕೋಶವನ್ನು ವಾಪಸ್ ಕರೆಸುವುದು ಹೇಗೆ? 2016ರಲ್ಲಿ ಮನುಷ್ಯರ ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ ತಡೆಕೋಶಗಳನ್ನು ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಹಾಕಿ, ನೋವಿನ ಜೊತೆ ಮೂತ್ರದ ತೊಂದರೆಯೂ ತಗ್ಗಿದ್ದನ್ನು ತೋರಿಸಿದರು. ಭರವಸೆ ಹುಟ್ಟಿಸುವ ಕೆಲಸವೇ. ಆದರೆ ಅಂಥ ಕೋಶಗಳಲ್ಲಿ ಬೆಳೆದು ಮುಗಿಯದ ನಾಲ್ಕಾರು ಉಳಿದುಬಿಟ್ಟರೂ ಗೆಡ್ಡೆಯಾಗಬಹುದು. ಇಲಿ ಬದುಕುವುದು ಎರಡು ಮೂರು ವರ್ಷ. ಮನುಷ್ಯ ಆ ಕೋಶವನ್ನು ಮೂವತ್ತು ವರ್ಷ ಹೊತ್ತು ತಿರುಗಬೇಕು.

ಇನ್ನು ಪ್ರಶ್ನೆಗಳು.

ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಸರ್, ನೋವು ಹೋಗ್ಸೋಕೆ ಅಂತ ಚೆನ್ನಾಗಿರೋ ಇಲಿಗೆ ನೋವು ಕೊಡೋದು ಸರೀನಾ?’

ಕೇಳಬೇಕಾದ ಪ್ರಶ್ನೆಯಮ್ಮಾ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಪ್ರಯೋಗ ಮಾಡುವ ಸಂಸ್ಥೆಯಲ್ಲಿ ನೈತಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೂ ಕೂರಬೇಕು. ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿ ಬೇಡ, ಬೇಕಾದರೆ ಆದಷ್ಟು ಕಡಿಮೆ, ಇರುವಷ್ಟಕ್ಕೂ ಆದಷ್ಟು ಕಡಿಮೆ ನೋವು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಹೇಳಿದ ಈ ಮೂರು ಮಾತು ಇವತ್ತಿಗೂ ಅಳತೆಗೋಲು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಕೆಲವು ಪ್ರಯೋಗಗಳನ್ನು ಒಪ್ಪುತ್ತೇನೆ, ಆದರೆ ಮನಸ್ಸು ಪೂರ್ತಿ ನಿರಾಳ ಆಗುವುದಿಲ್ಲ. ನಿರಾಳ ಆಗಲೂ ಬಾರದು. ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನ ಇಲ್ಲ. ಚೀಟಿ ಎತ್ತದೆ, ಹೋಲಿಕೆ ಗುಂಪಿಲ್ಲದೆ, ಅಳೆಯುವವನ ಕಣ್ಣು ಕಟ್ಟದೆ ಮಾಡಿದ ಪ್ರಯೋಗದಲ್ಲಿ ಇಲಿ ನೋವು ತಿಂದಿದ್ದೂ ದಂಡ. ಅದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಹೀಗಾಗಬಾರದು ಅಂತಲೇ 2010ರಲ್ಲಿ ಅರೈವ್ ಎಂಬ ನಿಯಮಾವಳಿ ಬಂತು. ಎಷ್ಟು ಪ್ರಾಣಿ, ಹೇಗೆ ಗುಂಪು ಮಾಡಿದಿರಿ, ಯಾರು ಅಳೆದರು, ಎಲ್ಲ ಬರೆಯಬೇಕು ಅನ್ನುತ್ತದೆ ಅದು.

ಹಿಂದಿನ ಸಾಲಿನಿಂದ ಒಬ್ಬ ತಾಯಿ: ‘ನನ್ನ ಮೊಣಕಾಲು ಸವೆದೈತಿ ಅಂದಾರೆ. ಜಾಹೀರಾತು ನೋಡಿ ಮಗ ಸ್ಟೆಮ್ ಸೆಲ್ ಹಾಕಿಸಾನಾ ಅಂತಾನೆ. ಏನ್ ಮಾಡ್ಲಿ?’

ಅಮ್ಮಾ, ನಿಮ್ಮ ಕಾಲು ನೋಡಬೇಕಾದವರು ಮೂಳೆ ಡಾಕ್ಟ್ರು. ನಾನು ಕಾನೂನಿನ ಮಾತು ಮಾತ್ರ ಹೇಳಬಲ್ಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಮೂಲದ ಸ್ಟೆಮ್ ಸೆಲ್ ಕಸಿ ಒಪ್ಪಿತ ಚಿಕಿತ್ಸೆ. ಉಳಿದವು ಸಂಶೋಧನೆಯ ಚೌಕಟ್ಟಿನಲ್ಲೇ ನಡೆಯಬೇಕು. ಆಮೇಲೆ 2022ರಲ್ಲಿ, ಬೆಂಗಳೂರಿನ ಕಂಪನಿಯೊಂದು ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶದ ಚುಚ್ಚುಮದ್ದು ಮೊಣಕಾಲು ಸವೆತಕ್ಕೆ ಅಂತ ಅನುಮತಿ ಪಡೆದು ಮಾರುಕಟ್ಟೆಗೆ ಬಂತು. ಹಾಗಾಗಿ ಮಗ ಹೋಗಿ ಕೇಳಲಿ: ಇದು ಅನುಮತಿ ಇರುವ ಔಷಧಿಯಾ? ಅಲ್ಲದಿದ್ದರೆ ನೋಂದಾಯಿಸಿದ ಸಂಶೋಧನೆಯಾ? ಸಂಶೋಧನೆ ಅನ್ನುತ್ತಲೇ ನಿಮ್ಮಿಂದ ಲಕ್ಷಗಟ್ಟಲೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಕೊನೆಯದಾಗಿ ಜಗಳೂರಿನ ಕಡೆಯ ಯಜಮಾನರೊಬ್ಬರು, ಕೊಂಚ ಸಿಟ್ಟಿನಿಂದಲೇ: ‘ಬರೆ ಬಗ್ಗೆ ಅಷ್ಟು ಹೇಳಿದ್ರಿ. ನಮ್ಮ ಹತ್ರ ಆ ಹಲಗೆ ಇಲ್ಲ, ಲ್ಯಾಬ್ ಇಲ್ಲ. ಎತ್ತಿಗೆ ಔಷಧಿ ಹತ್ತಿತೋ ಇಲ್ಲೋ ಅಂತ ನಾವು ಹೆಂಗೆ ನೋಡಬೇಕು?’

ಯಜಮಾನ್ರೇ, ನಿಮ್ಮ ಜೇಬಿನಲ್ಲಿ ಮೊಬೈಲ್ ಇದೆ. ಔಷಧಿ ಶುರು ಮಾಡುವ ಮೊದಲು ಎತ್ತನ್ನು ಗಟ್ಟಿ ನೆಲದಲ್ಲಿ ಇಪ್ಪತ್ತು ಹೆಜ್ಜೆ ನಡೆಸಿ, ಪಕ್ಕದಿಂದ ವಿಡಿಯೋ ಮಾಡಿ. ಹದಿನೈದು ದಿನ ಆದ ಮೇಲೆ ಅದೇ ಜಾಗ, ಅದೇ ಹೊತ್ತು, ಅದೇ ಆಳು ಹಗ್ಗ ಹಿಡಿದು ನಡೆಸಲಿ, ಮತ್ತೆ ವಿಡಿಯೋ ಮಾಡಿ. ಎತ್ತು ದಿನಕ್ಕೊಂದು ಥರ ನಡೆಯುತ್ತದಲ್ಲ ಅನ್ನುತ್ತೀರಿ, ನಿಜ. ಅದಕ್ಕೇ ಮೊದಲೂ ಮೂರು ದಿನ, ಆಮೇಲೂ ಮೂರು ದಿನ ತೆಗೆಯಿರಿ. ನಂತರ ಆರನ್ನೂ ಹಿಂದೆ ಮುಂದೆ ಮಾಡಿ, ತಾರೀಖು ಕಾಣದ ಹಾಗೆ, ದನ ಕಟ್ಟಿ ಗೊತ್ತಿರುವ ಬೇರೆ ಊರಿನ ನೆಂಟರಿಗೆ ಕಳಿಸಿ. ಇದರಲ್ಲಿ ಯಾವ ಮೂರು ಚೆನ್ನಾಗಿವೆ ಅಂತ ಮಾತ್ರ ಕೇಳಿ. ಔಷಧಿ ಕೊಟ್ಟಿದ್ದೀನಿ ಅಂತ ಬಾಯಿ ಬಿಡಬೇಡಿ. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ನನ್ನ ಹತ್ತಿರ ಬನ್ನಿ, ಕೂತು ನೋಡೋಣ.